ನೀರು ಕಡಿಮೆಯಿರುವ ಊರಿಗೆ ತೊಟ್ಟಿ ದೊಡ್ಡದಿರಲಿ

ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಗೆ ಹೋದವರು ಇಂಥದೊಂದು ಮಾತುಕತೆಯನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಗಾಜಿನ ಹಿಂದೆ ಆಡುತ್ತಿರುವ ಏಂಜಲ್ ಮೀನಿನ ಮರಿಗಳು ಒಂದು ರೂಪಾಯಿ ನಾಣ್ಯದಷ್ಟೂ ಇರುವುದಿಲ್ಲ. ‘ಇವು ಎಷ್ಟ ದೊಡ್ಡವಾಗ್ತಾವ್ರಿ ಅಣ್ಣಾರ?’ ಎಂದು ಗಿರಾಕಿ ಕೇಳುತ್ತಾನೆ. ‘ಟ್ಯಾಂಕ್ ಎಷ್ಟ ಐತಿ, ಅಷ್ಟ ಬೆಳಿತಾವ ನೋಡ್ರಿ. ನೀವೇನ್ ಚಿಂತಿ ಮಾಡಬ್ಯಾಡ್ರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರಡು ಫೂಟಿನ ಟ್ಯಾಂಕು, ಬಣ್ಣದ ಹರಳು, ಪ್ಲಾಸ್ಟಿಕ್ ಗಿಡ, ಗಾಳಿ ಪಂಪು, ಐದು ಮರಿ ಎಲ್ಲ ಸೇರಿ ಒಂದೇ ಬಿಲ್ಲು. ಆಕ್ಸಿಜನ್ ತುಂಬಿದ ಚೀಲದಲ್ಲಿ ಮರಿಗಳು ಅಣ್ಣಿಗೇರಿ ಬಸ್ಸಿಗೋ ನವಲಗುಂದದ ಬಸ್ಸಿಗೋ ಹತ್ತುತ್ತವೆ.

ತೊಟ್ಟಿ ಇದ್ದಷ್ಟೇ ಮೀನು ಬೆಳೆಯುತ್ತದೆ ಎಂಬುದು ಅರೆಸತ್ಯ. ಸಣ್ಣ ತೊಟ್ಟಿಯಲ್ಲಿ ಮೀನು ಕುಳ್ಳಗೆ ಉಳಿಯುವುದು ನಿಜ. ಆದರೆ ಅದು ಜಾಗಕ್ಕೆ ಹೊಂದಿಕೊಂಡ ಲಕ್ಷಣವಲ್ಲ. ತನ್ನದೇ ಹೊಲಸು ತುಂಬಿದ ನೀರಿನಲ್ಲಿ ಬೆಳವಣಿಗೆ ನಿಂತುಹೋಗಿರುತ್ತದೆ, ರೆಕ್ಕೆ ಮುರುಟಿರುತ್ತದೆ, ಆಯುಷ್ಯ ಕರಗಿರುತ್ತದೆ. ಚೆನ್ನಾಗಿ ಸಾಕಿದರೆ ಎಂಟು ಹತ್ತು ವರ್ಷ ಬಾಳುವ ಮೀನು ವರ್ಷದೊಳಗೆ ತೇಲುತ್ತದೆ. ಆಗ ಮನೆಯವರು ‘ನಮ್ಮ ನೀರ ಸರಿ ಇಲ್ಲ’ ಎಂದು ಊರಿನ ನೀರಿಗೆ ತಪ್ಪು ಹೊರಿಸುತ್ತಾರೆ. ಊರಿನ ನೀರು ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಸುಳ್ಳಲ್ಲ. ಅದು ಲೆಕ್ಕಕ್ಕೆ ಬರಬೇಕಾದದ್ದು ಮೀನು ಸತ್ತ ಮೇಲಲ್ಲ, ತೊಟ್ಟಿಯ ಅಳತೆ ಗೊತ್ತುಮಾಡುವಾಗ.

ಎತ್ತರ ಮೊದಲು

ಏಂಜಲ್ ಮೀನಿನ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಕಣಿವೆ. ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಟೆರೋಫಿಲಮ್ ಸ್ಕಲಾರೆ ಎಂಬ ಜಾತಿಯ ಸಂತತಿ. ವಿಜ್ಞಾನಿಗಳು ಇದನ್ನು ದಾಖಲಿಸಿದ್ದು 1823ರಲ್ಲಿ. ಯುರೋಪಿನ ಗಾಜಿನ ತೊಟ್ಟಿಗಳಿಗೆ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಇಂದು ನಮ್ಮ ಕೈಗೆ ಬರುವ ಮರಿಗಳು ಅಮೆಜಾನನ್ನು ಕಂಡವಲ್ಲ. ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ನಮ್ಮ ದೇಶದಲ್ಲಿ ಚೆನ್ನೈನ ಕೊಳತ್ತೂರು ಇಂಥ ಬಣ್ಣದ ಮೀನುಗಳ ದೊಡ್ಡ ಪೇಟೆ.

ಊರು ಬದಲಾದರೂ ಮೈಕಟ್ಟು ಬದಲಾಗಿಲ್ಲ. ಮಳೆಗಾಲದಲ್ಲಿ ಅಮೆಜಾನ್ ಉಕ್ಕಿ ಕಾಡಿಗೆ ನುಗ್ಗಿದಾಗ, ಮುಳುಗಿದ ಬೇರು ಬೊಡ್ಡೆಗಳ ನಡುವೆ ನುಸುಳಿ ಬದುಕುವುದಕ್ಕೆ ಆದ ಮೈ ಅದು. ಎದುರಿನಿಂದ ನೋಡಿದರೆ ಬೆರಳಿನಷ್ಟೂ ದಪ್ಪವಿಲ್ಲ, ಪಕ್ಕದಿಂದ ನೋಡಿದರೆ ಅಂಗೈಯಗಲ. ಮೈಮೇಲಿನ ಕಪ್ಪು ಪಟ್ಟಿಗಳು ನೆಟ್ಟಗೆ ಮೇಲಿಂದ ಕೆಳಕ್ಕೆ ಇಳಿದಿರುತ್ತವೆ, ಬೇರಿನ ನೆರಳಿನಲ್ಲಿ ಬೆರೆತುಹೋಗಲು. ಬೆನ್ನಿನ ರೆಕ್ಕೆ ಮೇಲಕ್ಕೆ ಚಾಚುತ್ತದೆ, ಹೊಟ್ಟೆಯ ಕೆಳಗಿನದು ಕೆಳಕ್ಕೆ ಇಳಿಯುತ್ತದೆ, ಅದರ ಮುಂದೆ ಎರಡು ಎಳೆಗಳು ನೂಲಿನಂತೆ ಜೋತಿರುತ್ತವೆ. ಬೆಳೆದ ಮೀನಿನ ಮೈ ಉದ್ದ ಆರು ಇಂಚು ಮುಟ್ಟಿದರೆ, ರೆಕ್ಕೆತುದಿಯಿಂದ ರೆಕ್ಕೆತುದಿಗೆ ಎತ್ತರ ಎಂಟು ಇಂಚು, ಕೆಲವೊಮ್ಮೆ ಹತ್ತು. ಉದ್ದಕ್ಕಿಂತ ಎತ್ತರ ಹೆಚ್ಚಿರುವ ಮೀನು ಇದು. ಗೋಲ್ಡ್‌ಫಿಶ್ ಅಳತೆಯಲ್ಲಿ ಇದಕ್ಕೆ ಮನೆ ಕಟ್ಟಿದರೆ ಹೊಂದುವುದಿಲ್ಲ.

ಅಂಗಡಿಯ ಎರಡು ಫೂಟಿನ ಟ್ಯಾಂಕನ್ನೇ ತೆಗೆದುಕೊಳ್ಳಿ. ಅದು ಎರಡು ಫೂಟು ಉದ್ದ, ಒಂದು ಫೂಟು ಅಗಲ, ಒಂದು ಫೂಟು ಎತ್ತರ ಇರುತ್ತದೆ. 12 ಇಂಚಿನ ಎತ್ತರದಲ್ಲಿ ತಳದ ಮರಳು ಎರಡು ಇಂಚು ತಿನ್ನುತ್ತದೆ. ಮೇಲೆ ಒಂದೂವರೆ ಇಂಚು ಖಾಲಿ ಬಿಡಬೇಕು. ಈಜಲು ಉಳಿಯುವುದು ಎಂಟೂವರೆ ಇಂಚು. ಬೆಳೆದ ಏಂಜಲ್‌ಗೆ ಅಲ್ಲಿ ನಿಲ್ಲಲು ಮಾತ್ರ ಜಾಗ. ಕೆಳಗಿನ ಎಳೆಗಳು ಮರಳಿಗೆ ಉಜ್ಜಿ ಸವೆಯುತ್ತವೆ, ರೆಕ್ಕೆಗಳು ಡೊಂಕಾಗುತ್ತವೆ. ಹೀಗಾಗಿ ಮೊದಲ ಸೂತ್ರ ಸರಳ: ಏಂಜಲ್ ಸಾಕಬೇಕೆಂದರೆ ತೊಟ್ಟಿಯ ಎತ್ತರ 18 ಇಂಚಿಗೆ ಕಡಿಮೆ ಇರಬಾರದು.

ಉದ್ದ, ಅಗಲ ಮತ್ತು ಜಗಳ

ಎತ್ತರ ಬೇಕೆಂದು ಅಗಲ ಕಳೆದುಕೊಳ್ಳುವಂತಿಲ್ಲ. ಈಗ ಪೇಟೆಯಲ್ಲಿ ಕಂಬದಂತೆ ನಿಂತ ತೊಟ್ಟಿಗಳೂ ಸಿಗುತ್ತವೆ, ನೋಡಲು ಚೆಂದ. ನೀರಿಗೆ ಗಾಳಿ ಸೇರುವುದು ಮೇಲ್ಮೈಯಿಂದ. ಮೇಲ್ಮೈ ಕಿರಿದಾದರೆ ಎಷ್ಟು ಎತ್ತರವಿದ್ದರೂ ಮೀನಿಗೆ ಉಸಿರು ಸಾಲದು. ಮೇಲಾಗಿ ಏಂಜಲ್ ಹೆಸರಿಗಷ್ಟೇ ಸಾಧು. ಇದು ಸಿಕ್ಲಿಡ್ ಬಳಗದ ಮೀನು, ಸೀಮೆ ಹಾಕಿಕೊಂಡು ಕಾಯುವ ಸ್ವಭಾವದ್ದು. ಜಾಗ ಸಾಲದಾದರೆ ಬಲವಾದದ್ದು ಬಡವಾದದ್ದನ್ನು ಮೂಲೆಗೆ ಒತ್ತಿ, ಉಣ್ಣಲು ಬಿಡದೆ ಸೊರಗಿಸುತ್ತದೆ. ಸೋತ ಮೀನಿಗೆ ಕಣ್ಮರೆಯಾಗಲು ಉದ್ದ ಬೇಕು, ನಡುವೆ ಗಿಡವೋ ಕಟ್ಟಿಗೆಯೋ ಅಡ್ಡವಿರಬೇಕು.

ಒಂದು ಘನ ಅಡಿಗೆ 28 ಲೀಟರ್ ನೀರು ಹಿಡಿಯುತ್ತದೆ ಎಂಬುದು ನೆನಪಿದ್ದರೆ ಉಳಿದ ಲೆಕ್ಕ ಮನೆಯಲ್ಲೇ ಮಾಡಬಹುದು. ಎರಡು ಫೂಟು ಉದ್ದ, ಒಂದೂಕಾಲು ಫೂಟು ಅಗಲ, ಒಂದೂವರೆ ಫೂಟು ಎತ್ತರದ ತೊಟ್ಟಿ ಸುಮಾರು 106 ಲೀಟರಿನದು. ಜೊತೆಗೂಡಿದ ಒಂದು ಜೋಡಿಗೆ ಇದು ಸಾಕು, ಮೂರನೆಯದಕ್ಕೆ ಜಾಗವಿಲ್ಲ. ಮೂರು ಫೂಟು ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ್ದಾದರೆ 191 ಲೀಟರ್. ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದು 150 ಲೀಟರಿನಷ್ಟು ನೀರು ನಿಲ್ಲುತ್ತದೆ. ನಾಲ್ಕೈದು ಏಂಜಲ್ ಸಾಕುವ ಮನೆಗೆ ನಾನು ಹೇಳುವ ಅಳತೆ ಇದೇ. ನಾಲ್ಕು ಫೂಟು ಉದ್ದ, ಒಂದೂವರೆ ಅಗಲ, ಎರಡು ಎತ್ತರದ್ದು 340 ಲೀಟರ್ ಮುಟ್ಟುತ್ತದೆ. ಅದರಲ್ಲಿ ಆರೇಳು ಮೀನು ಘನತೆಯಿಂದ ತಿರುಗಾಡುತ್ತವೆ. ಆದರೆ ತಳ ತೊಳೆಯಲು ಸ್ಟೂಲ್ ಹತ್ತಿ ಹೆಗಲವರೆಗೆ ಕೈ ಇಳಿಸಬೇಕು. ಓರಿನೋಕೊ ಕಡೆಯ ಆಲ್ಟಮ್ ಎಂಬ ಇನ್ನೂ ಎತ್ತರದ ಜಾತಿ ಸಾಕುವವರಿಗಷ್ಟೇ ಎರಡು ಫೂಟಿನ ಎತ್ತರ ಅನಿವಾರ್ಯ.

ಜೊತೆಗಾರರ ವಿಷಯದಲ್ಲೂ ಎಚ್ಚರ ಬೇಕು. ನಿಯಾನ್ ಟೆಟ್ರಾ ಬೆಳೆದ ಏಂಜಲ್‌ನ ಬಾಯಿಗೆ ಸರಿಯಾಗಿ ಹಿಡಿಸುತ್ತದೆ, ಗಪ್ಪಿ ಮರಿಗಳಂತೂ ಊಟವೇ. ಟೈಗರ್ ಬಾರ್ಬ್‌ನದು ಇದಕ್ಕೆ ತದ್ವಿರುದ್ಧ, ಏಂಜಲ್‌ನ ಉದ್ದ ರೆಕ್ಕೆಗಳನ್ನು ಅದು ಕಚ್ಚಿ ಹರಿಯುತ್ತದೆ. ತಳದಲ್ಲಿ ಓಡಾಡಿಕೊಂಡಿರುವ ಕೋರಿಡೋರಸ್‌ನಂಥ ಸಾಧು ಮೀನು ವಾಸಿ.

ಕೊಡದ ಲೆಕ್ಕ

ಇಲ್ಲಿಯವರೆಗಿನ ಮಾತು ಯಾವ ಊರಿಗಾದರೂ ಸಲ್ಲುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯವರು ಮುಂದೆ ಕೇಳುವ ಪ್ರಶ್ನೆ ಬೇರೆ: ‘ಕುಡ್ಯಾಕ ನೀರಿಲ್ಲ, ಮೀನಿಗೆ 150 ಲೀಟರ್ ಎಲ್ಲಿಂದ ತರೋದ್ರಿ?’

ಕೇಳಬೇಕಾದ ಪ್ರಶ್ನೆಯೇ. ಎರೆ ಸೀಮೆಯ ಹಳ್ಳಿಗಳಲ್ಲಿ ಬೋರಿನ ನೀರು ಬಹಳ ಕಡೆ ಸವಳು. ಕುಡಿಯಲು ಕೆರೆಯೇ ಗತಿ. ಬೇಸಿಗೆಯಲ್ಲಿ ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ ಆ ಕೆರೆ ತುಂಬಬೇಕು, ಅಲ್ಲಿಂದ ನಳಕ್ಕೆ ಬರಬೇಕು. ನಳ ಬರುವುದು ದಿನಬಿಟ್ಟು ದಿನವಲ್ಲ, ಎಷ್ಟೋ ಕಡೆ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಬಂದ ದಿನ ಕೊಡ, ಬ್ಯಾರಲ್ಲು, ಸಿಂಟೆಕ್ಸು ಎಲ್ಲ ತುಂಬಿ ಇಟ್ಟುಕೊಳ್ಳಬೇಕು. ಇಂಥ ಮನೆಯವರು ಸಣ್ಣ ತೊಟ್ಟಿ ಕೊಳ್ಳುವುದು ನೀರು ಉಳಿಯಲಿ ಎಂದು. ಎಡವುವುದು ಇಲ್ಲೇ.

ಮೀನು ಉಂಡದ್ದು ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ. ನೈಟ್ರೇಟ್ ಅಷ್ಟು ತೀಕ್ಷ್ಣವಲ್ಲ, ಆದರೆ ಕೂಡುತ್ತ ಹೋಗುತ್ತದೆ. ನೀರು ಬದಲಿಸಿಯೇ ಅದನ್ನು ಹೊರಹಾಕಬೇಕು. ಐದು ಮೀನು ವಾರದಲ್ಲಿ ಮಾಡುವ ಹೊಲಸು ಸಣ್ಣ ತೊಟ್ಟಿಯಲ್ಲೂ ಅಷ್ಟೇ, ದೊಡ್ಡದರಲ್ಲೂ ಅಷ್ಟೇ. ಅದನ್ನು ಹೊರಹಾಕಲು ಬೇಕಾಗುವ ನೀರೂ ದೀರ್ಘಕಾಲದಲ್ಲಿ ಹೆಚ್ಚುಕಡಿಮೆ ಒಂದೇ. ನೀರಿನ ಖರ್ಚನ್ನು ಗೊತ್ತುಮಾಡುವುದು ಗಾಜಿನ ಅಳತೆಗಿಂತ ಹೆಚ್ಚಾಗಿ ಮೀನಿನ ಸಂಖ್ಯೆ.

150 ಲೀಟರ್ ನೀರಿನಲ್ಲಿ ವಾರಕ್ಕೆ ಕಾಲುಭಾಗ ಬದಲಿಸಿದರೆ 38 ಲೀಟರ್ ಆಯಿತು, ಅಂದರೆ 15 ಲೀಟರಿನ ಎರಡೂವರೆ ಕೊಡ. ಅದೇ ಐದು ಮೀನನ್ನು 45 ಲೀಟರೂ ಹಿಡಿಯದ ಎರಡು ಫೂಟಿನ ಟ್ಯಾಂಕಿನಲ್ಲಿಟ್ಟು ಅದೇ ಎರಡೂವರೆ ಕೊಡ ಬದಲಿಸಹೊರಟರೆ ಹೆಚ್ಚುಕಡಿಮೆ ಇಡೀ ತೊಟ್ಟಿಯನ್ನೇ ಖಾಲಿ ಮಾಡಬೇಕು. ಆ ಏಟಿಗೆ ಮೀನು ತತ್ತರಿಸುತ್ತದೆ. ಬದಲಿಸದೆ ಬಿಟ್ಟರೆ ಹೊಲಸು ಮೂರು ಪಟ್ಟು ದಟ್ಟವಾಗಿ ಕೂಡುತ್ತದೆ. ನಳ ನಾಲ್ಕು ದಿನ ತಡವಾದರೆ ದೊಡ್ಡ ತೊಟ್ಟಿ ತಾಳಿಕೊಳ್ಳುತ್ತದೆ, ಸಣ್ಣದು ತಾಳುವುದಿಲ್ಲ. ಯಾವಾಗಲೋ ಒಮ್ಮೆ ನೀರು ಬರುವ ಸೀಮೆಯಲ್ಲಿ ಹಿರಿಯರು ಕೆರೆಯನ್ನು ದೊಡ್ಡದಾಗಿಯೇ ತೋಡಿಸಿದ್ದು ಇದೇ ಲೆಕ್ಕದಿಂದ. ನೀರು ಕಡಿಮೆಯಿರುವ ಊರಿಗೆ ಹೊಂದುವುದು ದೊಡ್ಡ ತೊಟ್ಟಿ, ಕಡಿಮೆ ಮೀನು.

ತೆಗೆದ ನೀರು ವ್ಯರ್ಥವಾಗುವುದೂ ಇಲ್ಲ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಹಿತ್ತಲಿನ ಕರಿಬೇವು, ಮಲ್ಲಿಗೆ ಬಳ್ಳಿಯ ಬುಡಕ್ಕೆ ಹಾಕಿದರೆ ಆ ಎರಡೂವರೆ ಕೊಡ ಎರಡು ಸಲ ದುಡಿದಂತೆ. ವಾರಗಟ್ಟಲೆ ನೀರು ಕೂಡಿಡುವುದರಿಂದ ಒಂದು ಅನುಕೂಲವೂ ಇದೆ. ನಳದ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಬಾಯಿತೆರೆದ ಬ್ಯಾರಲ್ಲಿನಲ್ಲಿ ಒಂದೆರಡು ದಿನ ನಿಂತರೆ ಅದು ಹಾರಿಹೋಗುತ್ತದೆ.

ಯಾವ ನೀರು, ಯಾವ ಬಕೆಟ್

ಏಂಜಲ್‌ಗೆ ಮೆದು ನೀರು ಇಷ್ಟ. ತೊಟ್ಟಿಯಲ್ಲಿ ಹುಟ್ಟಿದವು ಸ್ವಲ್ಪ ಗಡಸು ನೀರನ್ನೂ ಒಪ್ಪಿಕೊಳ್ಳುತ್ತವೆ. ಸವಳು ಬೋರಿನ ನೀರನ್ನು ನೇರ ಸುರಿಯುವುದು ಬೇಡ. ನೀರು ಕ್ಷಾರೀಯವಾದಷ್ಟೂ ಅಮೋನಿಯಾದ ವಿಷ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಅದರ ವಿಷರೂಪ ಹತ್ತಿರ ಹತ್ತು ಪಟ್ಟಾಗುತ್ತದೆ. ಇಂಥ ನೀರಿನ ಊರಿನಲ್ಲಿ ಮೀನಿನ ಸಂಖ್ಯೆ ಇನ್ನಷ್ಟು ಕಡಿಮೆಯಿರಲಿ.

ಈಗ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅದರಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಪೂರ್ತಿ ಅದನ್ನೇ ಹಾಕಬಾರದು. ಅದು ಒದಗುವುದು ಬೇಸಿಗೆಯಲ್ಲಿ ಆರಿದ ನೀರಿಗೆ ಬದಲಾಗಿ. ಏಪ್ರಿಲ್ ಮೇ ತಿಂಗಳ ಬಿಸಿಗಾಳಿಗೆ ತೊಟ್ಟಿಯಿಂದ ನೀರು ಹಾರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಆರಿದಷ್ಟನ್ನೂ ಗಡಸು ನೀರಿನಿಂದಲೇ ತುಂಬುತ್ತ ಹೋದರೆ ಎರಡು ತಿಂಗಳಿಗೆ ತೊಟ್ಟಿಯ ನೀರು ಸವಳಾಗುತ್ತದೆ. ಮೇಲೆ ಗಾಜಿನ ಮುಚ್ಚಳವಿದ್ದರೆ ಆರುವುದೂ ಕಡಿಮೆ.

ಮಳೆಗಾಲದಲ್ಲಿ ಆರ್‌ಸಿಸಿ ಮನೆಯವರಿಗೆ ಮಾಳಿಗೆಯೇ ಉತ್ತಮ ಮೂಲ. 100 ಚದರ ಅಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 90 ಲೀಟರಿನಷ್ಟು ಮೆದು ನೀರು. ಮೊದಲ ಮಳೆಯ ಧೂಳನ್ನು ತೊಳೆದುಹೋಗಲು ಬಿಟ್ಟು, ಆಮೇಲಿನದನ್ನು ಹಿಡಿದು ನಳದ ನೀರಿಗೆ ಬೆರೆಸಬೇಕು. ಕಲಘಟಗಿಯವರು ಈ ವಿಷಯದಲ್ಲಿ ಪುಣ್ಯವಂತರು. ಮಲೆನಾಡಿನ ಸೆರಗಿನಲ್ಲಿರುವ ಆ ತಾಲ್ಲೂಕಿಗೆ ಮಳೆಯೂ ಹೆಚ್ಚು, ಕೆರೆಗಳೂ ಹೆಚ್ಚು.

ಹೊಲದ ಕೃಷಿ ಹೊಂಡದ ನೀರು ಮಾತ್ರ ಬೇಡವೇ ಬೇಡ. ಅದು ಮಳೆನೀರೇ ಆದರೂ ಹತ್ತಿ, ಮೆಣಸಿನಕಾಯಿ ಹೊಲದ ಮೇಲೆ ಹರಿದು ಬಂದದ್ದು. ಔಷಧ ಹೊಡೆಯಲು ಬಳಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಮುಟ್ಟಿಸಬಾರದು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಲವಲೇಶವಿದ್ದರೂ ಮೀನನ್ನು ಕೊಲ್ಲುತ್ತವೆ. ಸೊಳ್ಳೆ ಬತ್ತಿ, ಸೊಳ್ಳೆ ಮಷಿನ್‌ಗಳಲ್ಲಿರುವುದೂ ಅದೇ ಗುಂಪಿನದು, ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಮೀನಿಗೆಂದು ಒಂದು ಬಕೆಟ್ ಬೇರೆಯಿರಲಿ, ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಗೆ ಪರದೆಯೇ ಇರಲಿ.

ಎರೆಮಣ್ಣಿನ ಮೇಲೆ ಎರಡು ಕ್ವಿಂಟಲ್

ಮೂರು ಫೂಟಿನ ತೊಟ್ಟಿಗೆ ನೀರು ಒಂದೂವರೆ ಕ್ವಿಂಟಲ್, ಎಂಟು ಮಿಲಿಮೀಟರ್ ಗಾಜು 33 ಕಿಲೊ, ಮೇಲೆ ಮರಳಿನ ಭಾರ. ಎಲ್ಲ ಸೇರಿ ಎರಡು ಕ್ವಿಂಟಲ್ ದಾಟುತ್ತದೆ. ಟಿವಿ ಸ್ಟ್ಯಾಂಡು, ಶೋಕೇಸು ಇದನ್ನು ಹೊರಲಾರವು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡನ್ನೇ ಮಾಡಿಸಬೇಕು.

ಗಾಜಿನ ದಪ್ಪದಲ್ಲೂ ಎತ್ತರದ್ದೇ ಯಜಮಾನಿಕೆ. ನೀರಿನ ಒತ್ತಡ ಅದರ ಆಳದಿಂದ ಹುಟ್ಟುತ್ತದೆ. ಒಂದು ಫೂಟಿನ ತೊಟ್ಟಿಗೆ ಸಾಕಾಗುವ ಐದು ಮಿಲಿಮೀಟರ್ ಗಾಜನ್ನು ಒಂದೂವರೆ ಫೂಟಿಗೆ ಬಳಸಿದರೆ ನಡುವೆ ಉಬ್ಬುತ್ತದೆ. 18 ಇಂಚು ಎತ್ತರದ ಮೂರು ಫೂಟಿಗೆ ಎಂಟು, ಎರಡು ಫೂಟು ಎತ್ತರದ ನಾಲ್ಕು ಫೂಟಿಗೆ ಹತ್ತರಿಂದ ಹನ್ನೆರಡು ಮಿಲಿಮೀಟರ್ ಎಂದು ಪಟ್ಟುಹಿಡಿಯಿರಿ.

ಇದಕ್ಕಿಂತ ಕಷ್ಟದ್ದು ನೆಲ. ಎರೆಮಣ್ಣು ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹಿಡಿಯುವಷ್ಟು ಬಿರುಕು ಬಿಡುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯ ಮನೆಗಳಲ್ಲಿ ಗೋಡೆ ಸೀಳುವುದು, ಫರಸಿ ಕಲ್ಲು ಒಂದು ಕಡೆ ಕುಸಿಯುವುದು ಇದರಿಂದಲೇ. ಕಣ್ಣಿಗೆ ಮಟ್ಟವಾಗಿ ಕಾಣುವ ನೆಲ ಮೂರು ಫೂಟಿಗೆ ಅರ್ಧ ಇಂಚು ಇಳಿದಿದ್ದರೂ ಭಾರವೆಲ್ಲ ಒಂದು ಮೂಲೆಯ ಗಾಜಿಗೆ ಬಿದ್ದು ಸಿಲಿಕಾನ್ ಅಂಟು ಬಿಡುತ್ತದೆ. ಸ್ಟ್ಯಾಂಡ್ ಇಟ್ಟ ಮೇಲೆ ಗೌಂಡಿಯ ರಸಮಟ್ಟ ಹಚ್ಚಿ ನೋಡಿ. ಕಾಲಿಗೆ ಆಸರೆ ಕೊಟ್ಟು ಸರಿಪಡಿಸಿ, ತೊಟ್ಟಿಯ ತಳಕ್ಕೆ ಥರ್ಮಾಕೋಲ್ ಹಾಳೆ ಹಾಸಿ. ನೀರು ತುಂಬಿದ ಮೇಲೆ ನಾಲ್ಕೂ ಮೂಲೆಯಲ್ಲಿ ಮೇಲಂಚಿನಿಂದ ನೀರಿನವರೆಗೆ ಸ್ಕೇಲಿನಿಂದ ಅಳೆಯಿರಿ. ನಾಲ್ಕು ಅಂಕಿಯೂ ಒಂದೇ ಇರಬೇಕು. ಮೇ ತಿಂಗಳ ಬಿಸಿಲಿನಲ್ಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಇದೇ ಪರೀಕ್ಷೆ ಮತ್ತೆ ಮಾಡಬೇಕು, ನೆಲ ಆಗ ಬದಲಾಗಿರುತ್ತದೆ.

ಕರೆಂಟು ಹೋದ ಮಧ್ಯಾಹ್ನ

ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಎಂಟು ಮಿಲಿಗ್ರಾಂ ಮೀರಿ ಕರಗಿರುವುದು, 35 ಡಿಗ್ರಿಗೆ ಏಳರ ಕೆಳಗೆ ಇಳಿಯುತ್ತದೆ. ಮೀನಿನ ಉಸಿರಾಟ ಮಾತ್ರ ಆಗಲೇ ಏರಿರುತ್ತದೆ. ಏಂಜಲ್ ಸುಖವಾಗಿರುವುದು 25ರಿಂದ 29 ಡಿಗ್ರಿಯ ನಡುವೆ. ತಗಡಿನ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದರೆ ಸಣ್ಣ ತೊಟ್ಟಿ ಬೇಗ ಕಾಯುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡತೊಡಗುತ್ತದೆ. ಹೆಚ್ಚು ನೀರು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಇಲ್ಲೂ ದೊಡ್ಡ ತೊಟ್ಟಿಯದೇ ಗೆಲುವು. ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ನಡುಮನೆ ತಂಪಾಗಿರುವುದರಿಂದ ತೊಟ್ಟಿಗೆ ಅದೇ ಸರಿಯಾದ ಜಾಗ. ಒಗ್ಗರಣೆಯ ಎಣ್ಣೆಹೊಗೆ ನೀರಿನ ಮೇಲೆ ಪೊರೆ ಕಟ್ಟಿ ಗಾಳಿ ತಡೆಯುವುದರಿಂದ ಅಡುಗೆಮನೆಯ ಪಕ್ಕ ಬೇಡ. ಬ್ಯಾಟರಿಯ ಒಂದು ಗಾಳಿ ಪಂಪು ಮನೆಯಲ್ಲಿದ್ದರೆ ಕರೆಂಟು ಕೊಡುವ ಹೆಸ್ಕಾಂನ ಮರ್ಜಿ ಕಾಯಬೇಕಿಲ್ಲ. ಡಿಸೆಂಬರ್, ಜನವರಿಯ ಚಳಿಗೆ ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ ಹೀಟರ್ ಸಾಕು.

ಜೋಡಿ ಕೂಡಿದ ಮೇಲೆ

ಏಂಜಲ್‌ನಲ್ಲಿ ಗಂಡು ಹೆಣ್ಣು ಕಣ್ಣಿಗೆ ಗೊತ್ತಾಗುವುದಿಲ್ಲ. ಐದಾರು ಮರಿ ತಂದು ಒಟ್ಟಿಗೆ ಬೆಳೆಸಿ, ತಾವಾಗಿ ಜೋಡಿಯಾಗುವುದನ್ನು ಕಾಯುವುದೇ ರೂಢಿ. ಒಂದು ದಿನ ಎರಡು ಮೀನು ಸೇರಿಕೊಂಡು, ನೆಟ್ಟಗಿರುವ ಅಗಲ ಎಲೆಯನ್ನೋ ಹೀಟರಿನ ಕೊಳವೆಯನ್ನೋ ಬಾಯಿಂದ ಉಜ್ಜಿ ಉಜ್ಜಿ ಶುಚಿಮಾಡತೊಡಗುತ್ತವೆ. ಆಮೇಲೆ ಹೆಣ್ಣು ಕೆಳಗಿನಿಂದ ಮೇಲಕ್ಕೆ ಹೊಟ್ಟೆ ತಾಗಿಸುತ್ತ ಸಾಗುತ್ತದೆ, ಹಿಂದೆ ಮಣಿ ಪೋಣಿಸಿದಂತೆ ಮೊಟ್ಟೆಯ ಸಾಲು ಮೂಡುತ್ತದೆ. ಅದೇ ಜಾಡಿನಲ್ಲಿ ಗಂಡು ಹಿಂಬಾಲಿಸುತ್ತದೆ. ಸಾಲಿನ ಮೇಲೆ ಸಾಲು, ನೂರಾರು ಮೊಟ್ಟೆ. ನಂತರ ಎರಡೂ ಸರದಿಯ ಮೇಲೆ ಪಕ್ಕದ ರೆಕ್ಕೆಗಳಿಂದ ಗಾಳಿ ಹಾಕುತ್ತವೆ, ಬೆಳ್ಳಗೆ ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತವೆ. 27, 28 ಡಿಗ್ರಿಯಲ್ಲಿ ಸುಮಾರು 60 ತಾಸಿಗೆ ಮೊಟ್ಟೆ ಒಡೆಯುತ್ತದೆ, ಇನ್ನೊಂದು ಐದು ದಿನಕ್ಕೆ ಮರಿ ಈಜುತ್ತದೆ.

ಆ ದಿನಗಳಲ್ಲಿ ಜೋಡಿಯ ಸಿಟ್ಟು ನೋಡಬೇಕು. ಅರ್ಧ ತೊಟ್ಟಿ ಅವುಗಳದ್ದೇ, ಉಳಿದ ಮೀನುಗಳೆಲ್ಲ ಎದುರು ಮೂಲೆಗೆ. ಮೂರು ಫೂಟಿದ್ದರೆ ಆ ಮೂಲೆ ಎಂಬುದೊಂದು ಉಳಿಯುತ್ತದೆ. ಎರಡು ಫೂಟಿನಲ್ಲಿ ಅದೂ ಇಲ್ಲ, ಕೊಲೆಯೇ ನಡೆಯುತ್ತದೆ. ಹೆಚ್ಚಾದ ಮೀನುಗಳನ್ನು, ಮೀನು ಸಾಕುವ ಗೆಳೆಯರಿಗೆ ಕೊಟ್ಟುಬಿಡುವುದು ಒಳಿತು. ಮರಿ ಮಾರಾಟದವರೆಗೂ ಆಸಕ್ತಿ ಬೆಳೆದರೆ ಬೆಂಗಳೂರು ಬಳಿಯ ಹೆಸರಘಟ್ಟದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೂ ಸಹಾಯಧನ ಇಡಲಾಗಿತ್ತು.

ಕೊಳ್ಳುವ ಕ್ರಮ

ಸಾಕಲಾಗದ ಮೀನನ್ನು ಊರ ಕೆರೆಗೆ ಬಿಡುವುದು ಧರ್ಮವೆಂದು ಕೆಲವರು ತಿಳಿದಿದ್ದಾರೆ. ಆ ಕೆರೆ ಇಡೀ ಊರಿನ ಕುಡಿಯುವ ನೀರು. ಅಕ್ವೇರಿಯಂಗಳಿಂದ ಹೊರಬಿದ್ದ ಸಕ್ಕರ್ ಮೀನು ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಬಿಡುವ ಪ್ರಸಂಗವೇ ಬಾರದಂತೆ ಕೊಳ್ಳುವಾಗಲೇ ಯೋಚಿಸಬೇಕು.

ಹಾಗಾಗಿ ಅಂಗಡಿಯ ಒಂದೇ ಬಿಲ್ಲಿನ ಕ್ರಮವನ್ನು ಮುರಿಯಿರಿ. ಬೇಸಿಗೆಯ ಕೆಟ್ಟ ವಾರದಲ್ಲೂ ಎರಡೂವರೆ ಕೊಡ ಮಿಗುತ್ತದೆಯೇ ಎಂದು ಮೊದಲು ಮನೆಯವರನ್ನು ಕೇಳಿ. ಕೊಡ ನೀರು ಹೊರುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು, ಅವರು ಒಪ್ಪದೆ ಈ ಹವ್ಯಾಸ ನಡೆಯದು. ಮಿಗದಿದ್ದರೆ ಮೂರು ಫೂಟಿನ ತೊಟ್ಟಿಯಲ್ಲಿ ಒಂದು ಜೋಡಿಯನ್ನಷ್ಟೇ ಇಡಿ, ಒಂದೇ ಕೊಡದಲ್ಲಿ ವಾರ ಸಾಗುತ್ತದೆ. ಅಷ್ಟು ದೊಡ್ಡ ತೊಟ್ಟಿಗೆ ಜಾಗವೋ ದುಡ್ಡೋ ಇಲ್ಲದಿದ್ದರೆ ಏಂಜಲ್ ಆಸೆ ಬಿಟ್ಟು ಎರಡು ಫೂಟಿನಲ್ಲಿ ಹತ್ತು ಗಪ್ಪಿ ಸಾಕಿ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯೇ ಹಳ್ಳಿಗಳಲ್ಲಿ ಬಿಡುವ ಮೀನದು, ಗಡಸು ನೀರಿಗೂ ಅಂಜುವುದಿಲ್ಲ. ನೀರು ಮತ್ತು ನೆಲ ಎರಡೂ ಒಪ್ಪಿದರೆ ತೊಟ್ಟಿ, ಸ್ಟ್ಯಾಂಡು ತರಿಸಿ ಮಟ್ಟ ನೋಡಿ. ನೀರು ತುಂಬಿ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬ್ಯಾಕ್ಟೀರಿಯಾ ನೆಲೆಸಲು ನಾಲ್ಕರಿಂದ ಆರು ವಾರ ಬಿಡಿ. ಮರಿಗಳ ಚೀಲ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತುವುದು ಅದರ ನಂತರದ ಕೆಲಸ.